ಜತ್ತಪ್ಪನ ಜರ್ಮನ್ ಸಹಭಾಗಿತ್ವ

ದೂರದ ಎರಡು ದೇಶಗಳು ಒಂದರ ಉದ್ಯಮದಲ್ಲಿ ಇನ್ನೊಂದು ಬಂಡವಾಳ ಹೂಡುವುದು ಹೇಗೆ ಆರಂಭವಾಗುತ್ತದೆ ಎಂಬುದರ ಬಗ್ಗೆ ಅರ್ಥಶಾಸ್ತ್ರದವರು ದಪ್ಪ ದಪ್ಪ ಪುಸ್ತಕಗಳನ್ನು ಬರೆದಿದ್ದಾರಂತೆ. ನಾನು ಭೌತಶಾಸ್ತ್ರ ಓದಿದವನು. ಬಂಟ್ವಾಳದ ಹೈಸ್ಕೂಲಿನಲ್ಲಿ ಅದನ್ನೇ ಕಲಿಸಿದವನು. ಆ ಪುಸ್ತಕಗಳನ್ನು ನಾನು ನೋಡಿಲ್ಲ. ಆದರೆ ಭಾರತಕ್ಕೂ ಪಶ್ಚಿಮ ಜರ್ಮನಿಗೂ ನಡುವೆ ಅಂಥದ್ದೊಂದು ಎಲ್ಲಿ, ಯಾವಾಗ ಆರಂಭವಾಯಿತೆಂದು ಖಚಿತವಾಗಿ ಬಲ್ಲೆ. ಅದು ೧೯೭೯ರ ಮೇ ತಿಂಗಳಲ್ಲಿ, ಪಾಣೆಮಂಗಳೂರಿನ ನೀಲಾವತಿಯ ಅಡುಗೆಮನೆಯಲ್ಲಿ, ಬೆಳಿಗ್ಗೆ ಸುಮಾರು ಹತ್ತೂಕಾಲಿಗೆ ಆರಂಭವಾಯಿತು.

ನೀಲಾವತಿಯ ಗಂಡ ಜತ್ತಪ್ಪ ನನ್ನ ನೆರೆಯವನು. ತೋಟಕ್ಕೆ ಮದ್ದು ಬಿಡುವ ಪಂಪುಗಳಿಗೆ ಹಿತ್ತಾಳೆಯ ನಾಸಲ್, ಎಂದರೆ ಮದ್ದು ಚಿಮ್ಮುವ ಮೂತಿ, ಕಡೆದುಕೊಡುವುದು ಅವನ ಕಸುಬು. ಮಂಗಳೂರಿನ ಹಳೆಯ ಹೆಂಚಿನ ಕಾರ್ಖಾನೆಯೊಂದರ ಗುಜರಿಯಿಂದ ತಂದ ಲೇತೊಂದು ಅವನ ಸರ್ವಸ್ವ. ಅದನ್ನು ತಿರುಗಿಸಲು ಒಂದು ಡೀಸೆಲ್ ಎಂಜಿನು. ಲೇತಿಗೆ ಎಪ್ಪತ್ತು ವರ್ಷ ವಯಸ್ಸಾಗಿದ್ದರೂ ಗಟ್ಟಿಮುಟ್ಟಾಗಿತ್ತು. ಎಂಜಿನಿಗೆ ಹದಿನೈದು ವರ್ಷವಾಗಿದ್ದರೂ ದಿನಕ್ಕೆ ನಾಲ್ಕು ಸಲ ಕೆಮ್ಮಿ ನಿಲ್ಲುತ್ತಿತ್ತು. ತ್ರೀ ಫೇಸ್ ಕರೆಂಟಿಗೆ ಜತ್ತಪ್ಪ ಅರ್ಜಿ ಹಾಕಿ ಏಳು ವರ್ಷವಾಗಿತ್ತು.

ಕರೆಂಟ್ ಆಫೀಸಿನ ಬಾಲಸುಬ್ರಹ್ಮಣ್ಯ ಸಾಹೇಬರು ಬೆಳ್ತಂಗಡಿ ಕಡೆಯವರು, ಮೆದು ಮಾತಿನವರು. ಒಂದು ದಿನ ಜತ್ತಪ್ಪನನ್ನು ಸಾಗಹಾಕುವುದಕ್ಕಾಗಿ ನಗುತ್ತ ಹೇಳಿದರು: "ನಿಮ್ಮ ಮುಂದೆ ನಲವತ್ತೆರಡು ಜನ ಇದ್ದಾರೆ ಜತ್ತಪ್ಪನವರೇ. ಫಾರಿನ್ ಕೊಲಾಬರೇಶನ್ ಇದ್ದವರಿಗಾದರೆ ಆದ್ಯತೆ ಉಂಟು. ನಿಮಗೆ ಉಂಟಾ ಕೊಲಾಬರೇಶನ್?"

ಸರಕಾರಿ ಕುರ್ಚಿಯಿಂದ ತಮಾಷೆಯೂ ಬರಬಹುದು ಎಂಬುದು ಜತ್ತಪ್ಪನಿಗೆ ತಿಳಿಯದು. ಮಾರನೆಯ ದಿನ ಅವನ ಶೆಡ್ಡಿನ ಮೇಲೆ ಹಳದಿ ಬಣ್ಣದ ಬೋರ್ಡು ಬಂತು: "ನೀಲಾ ಎಂಜಿನಿಯರಿಂಗ್ ವರ್ಕ್ಸ್. ಜರ್ಮನ್ ಸಹಭಾಗಿತ್ವದೊಂದಿಗೆ."

"ಇದೆಂತ ಜತ್ತಪ್ಪ?" ಎಂದೆ.

"ಲೇತಿನ ಮೈಮೇಲೆ ಜರ್ಮನ್ ಅಕ್ಷರ ಉಂಟು ಮಾಸ್ಟ್ರೇ. ಅದರಲ್ಲಿ ಕೆಲಸ ಮಾಡುವುದು ನಾನು. ಅದೂ ನಾನೂ ಸೇರಿ ನಾಸಲ್ ಮಾಡುವುದು. ಸಹಭಾಗಿತ್ವ ಅಲ್ಲದೆ ಮತ್ತೆಂತ?"

ತರ್ಕದಲ್ಲಿ ದೋಷ ಹುಡುಕಲು ನಾನು ಎರಡು ದಿನ ಪ್ರಯತ್ನಿಸಿದೆ. ಮೂರನೆಯ ದಿನ ಸಾಹೇಬರೇ ಬಂದು ಬೋರ್ಡಿನ ಮುಂದೆ ನಿಂತರು. "ಕಾಗದಪತ್ರ ಎಲ್ಲುಂಟು?"

"ಬರ್ತಾ ಉಂಟು ಸಾರ್. ಹಡಗಿನಲ್ಲಿ."

ಸಾಹೇಬರು ಫೈಲು ತೆರೆದು ಗಂಭೀರವಾಗಿ ಬರೆದುಕೊಂಡರು: "ದಾಖಲೆ ಹಡಗಿನಲ್ಲಿದೆ." ಬಳಿಕ ಪೆನ್ನಿನ ಮುಚ್ಚಳ ಹಾಕುತ್ತ ಹೇಳಿದರು: "ಮುಂದಿನ ಮಳೆಗಾಲ ಮುಗಿಯುವುದರೊಳಗೆ ಬರಬೇಕು. ಬಾರದಿದ್ದರೆ ಸುಳ್ಳು ಬೋರ್ಡು ಅಂತ ನಿಮ್ಮ ಹೆಸರನ್ನೇ ಪಟ್ಟಿಯಿಂದ ತೆಗೀಬೇಕಾಗ್ತದೆ."

ಹೆಸರು ಹೋದರೆ ಕರೆಂಟು ಹೋಯಿತು. ಕರೆಂಟಿಲ್ಲದೆ ಎಂಜಿನನ್ನು ನಂಬಿ ಬಹಳ ಕಾಲ ಕಳೆಯುವಂತಿರಲಿಲ್ಲ. ಮತ್ತೆ ಲೇತು ಬಂದ ದಾರಿಯಲ್ಲೇ ಗುಜರಿಗೆ ಹೋಗಬೇಕು. ಜತ್ತಪ್ಪ ದಿನಾ ಸಂಜೆ ಲೇತಿನ ಬೆನ್ನು ಸವರಿ ಮನೆಗೆ ಹೋಗತೊಡಗಿದ.

ಆಗ ಹಡಗು ಬಂತು. ಅಕ್ಷರಶಃ. ಜಿಲ್ಲೆಯ ಸಣ್ಣ ಕೈಗಾರಿಕೆಗಳ ಪಟ್ಟಿಯೊಂದರಲ್ಲಿ ಯಾರೋ ಪುಣ್ಯಾತ್ಮರು ಜತ್ತಪ್ಪನ ಬೋರ್ಡನ್ನು ಯಥಾವತ್ತಾಗಿ ಅಚ್ಚು ಹಾಕಿಸಿದ್ದರು. ಆ ಪಟ್ಟಿಯ ಪ್ರತಿಯೊಂದು ಹೇಗೋ ಸಮುದ್ರ ದಾಟಿತ್ತು. ಪೋಸ್ಟ್‌ಮ್ಯಾನ್ ಚನಿಯಪ್ಪ ಅಂಗಳಕ್ಕೆ ಬಂದು, "ಜತ್ತಪ್ಪಣ್ಣ, ನಿಮ್ಮ ಹೆಸರಿಗೆ ಜರ್ಮನಿ ಬಂದುಂಟು, ಸೈನ್ ಹಾಕಿ!" ಎಂದು ಹೊಳೆಯ ಸೇತುವೆಯವರೆಗೂ ಕೇಳುವಂತೆ ಕೂಗಿದ.

ತಗಡಿನ ಚಂದದ ಡಬ್ಬಿ. ಒಳಗೆ ಆರು ನಾಸಲ್, ಒಂದು ಇಂಗ್ಲಿಷ್ ಪತ್ರ. ನಾನು ಓದಿ ಹೇಳಿದೆ: "ವೀಗಾಂಡ್ ಮತ್ತು ಸೋದರಳಿಯ ಎಂಬ ಕಂಪೆನಿ. ಇಂಥ ನಾಸಲ್ ನೀವು ಮಾಡಬಲ್ಲಿರಾ ಅಂತ ಕೇಳಿದ್ದಾರೆ. ಡಬ್ಬಿಯನ್ನು ದಯವಿಟ್ಟು ವಾಪಸು ಕಳಿಸಬೇಕಂತೆ."

ಜತ್ತಪ್ಪ ಉಳಿದದ್ದನ್ನು ಕೇಳಿಸಿಕೊಳ್ಳಲೇ ಇಲ್ಲ. "ಮತ್ತು ಯಾರು ಅಂದ್ರಿ?"

"ಸೋದರಳಿಯ."

"ಮಗ ಅಂತ ಇಲ್ವಾ?"

"ಇಲ್ಲ."

"ನೀಲಾ!" ಎಂದು ಜತ್ತಪ್ಪ ಒಳಗೆ ಓಡಿದ. "ಜರ್ಮನಿಯಲ್ಲೂ ಅಳಿಯಕಟ್ಟು ಉಂಟಂತೆ! ಆಸ್ತಿ ಮಗನಿಗಲ್ಲ, ಸೋದರಳಿಯನಿಗೇ ಅಂತೆ! ನಮ್ಮವರೇ ಮಾರಾಯ್ತಿ!"

ಇದು ನಿರ್ಣಾಯಕ ಕ್ಷಣ. ಬೇರೆ ದೇಶದವರಾಗಿದ್ದರೆ ಡಬ್ಬಿ ಖಾಲಿಯಾಗಿಯೇ ಹೋಗುತ್ತಿತ್ತೋ ಏನೋ. ಆದರೆ ನಮ್ಮ ಕಡೆ ನಂಟರ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದೆ ಕೊಡುವ ಕ್ರಮವಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸನ್ನಾದರೂ ಹಾಕಿ ಕೊಡಬೇಕು. ನೀಲಾವತಿ ಡಬ್ಬಿಯನ್ನು ತೊಳೆದು, ಒರೆಸಿ, ಬಿಸಿಲಿಗಿಟ್ಟು, ಅದರೊಳಗೆ ಹೊಸದಾಗಿ ಒಣಗಿದ ಹಲಸಿನ ಹಪ್ಪಳಗಳನ್ನು ಜೋಡಿಸಿದಳು. ಒಂದಕ್ಕೊಂದು ಅಂಟದಂತೆ ನಡುನಡುವೆ ಹಳೆಯ ಪೇಪರನ್ನು ಹರಿದು ಇಟ್ಟಳು.

ಉತ್ತರ ಬರೆದವನು ನಾನು. ಇನ್ನು ಮುಂದೆ ಆದದ್ದಕ್ಕೆಲ್ಲ ನಾನು ಎಷ್ಟು ಹೊಣೆ ಎಂಬುದನ್ನು ಓದುಗರು ತೀರ್ಮಾನಿಸಲಿ. ಹಪ್ಪಳಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಗೊತ್ತಿಲ್ಲದ ವಸ್ತುವನ್ನು ಅಳೆದು ವರ್ಣಿಸಬೇಕೆಂದು ನನ್ನ ಪ್ರೊಫೆಸರರು ಕಲಿಸಿದ್ದರು. ವರ್ನಿಯರ್ ಕ್ಯಾಲಿಪರ್ ತಂದು ಅಳೆದೆ. "ನಾಸಲ್ ಮಾಡಬಲ್ಲೆವು. ಡಬ್ಬಿಯನ್ನು ಖಾಲಿ ಕಳಿಸಲು ಮನಸ್ಸಾಗದೆ ನಮ್ಮ ಉತ್ಪನ್ನವೊಂದನ್ನು ಇಟ್ಟಿದ್ದೇವೆ. ಇಪ್ಪತ್ತನಾಲ್ಕು ವೃತ್ತಾಕಾರದ ಬಿಲ್ಲೆಗಳು, ಸಸ್ಯಮೂಲ, ಸೂರ್ಯನ ಶಾಖದಲ್ಲಿ ಹದಗೊಳಿಸಿದ್ದು, ವ್ಯಾಸ ಹದಿನಾಲ್ಕು ಸೆಂಟಿಮೀಟರ್, ದಪ್ಪ ಒಂದೂವರೆ ಮಿಲಿಮೀಟರ್, ಕಾದ ಎಣ್ಣೆಯಲ್ಲಿ ಅತ್ಯುತ್ತಮವಾಗಿ ವರ್ತಿಸುತ್ತದೆ" ಎಂದು ಬರೆದೆ. ಈಗಲೂ ಅದರಲ್ಲಿ ಒಂದು ತಪ್ಪನ್ನೂ ಯಾರೂ ತೋರಿಸಲಾರರು. ತಿನ್ನಬೇಕು ಎಂದು ಬರೆಯಲಿಲ್ಲ, ಅಷ್ಟೆ. ಹಪ್ಪಳವನ್ನು ತಿನ್ನಬೇಕೆಂದು ಪ್ರಪಂಚದಲ್ಲಿ ಯಾರಿಗಾದರೂ ಹೇಳಿಕೊಡಬೇಕೇ?

ಆಗಸ್ಟಿನಲ್ಲಿ ಉತ್ತರ ಬಂತು. ಈ ಸಲ ಡಬ್ಬಿಯಲ್ಲ, ಮರದ ಪೆಟ್ಟಿಗೆ. ಅದರಲ್ಲಿ ಒತ್ತಡ ಅಳೆಯುವ ಹೊಳೆಯುವ ಮೀಟರೊಂದು ಮತ್ತು ನಾಲ್ಕು ಪುಟಗಳ ಪ್ರಯೋಗಾಲಯ ವರದಿ. ನಾನು ಮೊದಲ ಪುಟ ಓದುವಾಗಲೇ ಬೆವರಿದೆ.

"ಎಂತ ಮಾಸ್ಟ್ರೇ, ಅವರಿಗೆ ಉಪ್ಪು ಜಾಸ್ತಿ ಆಯ್ತಾ?" ಎಂದಳು ನೀಲಾವತಿ.

"ಅವರು ಇದನ್ನು ಪಂಪಿನ ವಾಷರ್ ಅಂತ ತಿಳ್ಕೊಂಡಿದ್ದಾರೆ."

"ಯಾವುದನ್ನು?"

"ಹಪ್ಪಳವನ್ನು."

ಪಂಪಿನ ಎರಡು ಕೊಳವೆಗಳ ನಡುವೆ ನೀಲಾವತಿಯ ಹಪ್ಪಳವನ್ನು ಬಿಗಿದು ನೀರು ಹಾಯಿಸಿದ್ದರು. ಮೂರು ವಾತಾವರಣದ ಒತ್ತಡದಲ್ಲಿ ಹನ್ನೊಂದು ನಿಮಿಷ ತಡೆದು ಆಮೇಲೆ ಕರಗಿತ್ತು. ನೂರ ಎಂಬತ್ತು ಡಿಗ್ರಿ ಎಣ್ಣೆಯಲ್ಲಿ ಎರಡೇ ಸೆಕೆಂಡಿನಲ್ಲಿ ವ್ಯಾಸ ಒಂದೂವರೆ ಪಟ್ಟು ಹಿಗ್ಗಿತ್ತು. ಇಂಥ ವರ್ತನೆಯನ್ನು ತಾವು ಯಾವ ಪದಾರ್ಥದಲ್ಲೂ ಕಂಡಿಲ್ಲವೆಂದು ಬರೆದಿದ್ದರು. ಕೊನೆಯಲ್ಲಿ ಶ್ರೀ ಓಟ್ಟೋ ವೀಗಾಂಡರ ಸಹಿಯೊಂದಿಗೆ ಒಂದು ಪ್ರಸ್ತಾವ: ತಮ್ಮ ಕಂಪೆನಿಯು ಜತ್ತಪ್ಪನ ಬಿಲ್ಲೆಯ ಉದ್ಯಮದಲ್ಲಿ ಯಂತ್ರರೂಪದ ಬಂಡವಾಳ ಹೂಡುವುದು, ಜತ್ತಪ್ಪನವರು ತಮ್ಮ ಬಿಲ್ಲೆಯ ರಹಸ್ಯವನ್ನೇ ಬಂಡವಾಳವಾಗಿ ಜರ್ಮನಿಯಲ್ಲಿ ಹೂಡುವುದು. ಈ ಮೀಟರು ಮೊದಲ ಕಂತು.

"ಸತ್ಯ ಬರೆಯುವ," ಎಂದೆ.

"ಬರೆಯುವ," ಎಂದ ಜತ್ತಪ್ಪ. "ಕರೆಂಟು ಬಂದ ಮೇಲೆ ಬರೆಯುವ."

ಪತ್ರದ ಕೊನೆಯ ಪುಟವನ್ನು ಮಾತ್ರ ಸಾಹೇಬರಿಗೆ ತೋರಿಸಿದ. ಸಾಹೇಬರು ಅದನ್ನು ಎರಡು ಸಲ ಓದಿ ಕುರ್ಚಿಯಿಂದ ಎದ್ದರು. ಬಿಲ್ಲೆಯೆಂದರೆ ಹಿತ್ತಾಳೆಯದ್ದೇ ಇರಬೇಕೆಂದು ಅವರು ತಿಳಿದುಕೊಂಡಿದ್ದರು. "ದ್ವಿಮುಖ!" ಎಂದರು. "ಜತ್ತಪ್ಪನವರೇ, ಅವರದ್ದು ಇಲ್ಲಿಗೆ ಬರುವುದು ಎಲ್ಲ ಕಡೆ ಉಂಟು. ನಮ್ಮದು ಅಲ್ಲಿಗೆ ಹೋಗುವುದು! ಪಾಣೆಮಂಗಳೂರಿನಿಂದ! ಇದರ ಪ್ರವೃತ್ತಿಗಳ ಬಗ್ಗೆ ಒಂದು ವರದಿ ಬೇಕು. ಗ್ರಾಫಿನೊಂದಿಗೆ."

ಗ್ರಾಫ್ ಎಂದರೆ ನಾನು. ಜರ್ಮನಿಯಿಂದ ಬಂದ ಡಬ್ಬಿಯ ತೂಕ, ಪೆಟ್ಟಿಗೆಯ ತೂಕ. ಇಲ್ಲಿಂದ ಹೋದ ಡಬ್ಬಿಯ ತೂಕ. ಬಂದದ್ದಕ್ಕೆ ಎರಡು ಬಿಂದು, ಹೋದದ್ದಕ್ಕೆ ಒಂದು. ಎರಡು ಬಿಂದುಗಳಿದ್ದರೆ ಸರಳರೇಖೆ ಎಳೆಯುವುದು ಸುಲಭ. ಮೂರನೆಯ ಬಿಂದು ಬಂದಾಗಲೇ ವಿಜ್ಞಾನಕ್ಕೆ ಕಷ್ಟವಾಗುವುದು. ರೇಖೆಯನ್ನು ಮುಂದುವರಿಸಿದರೆ ೧೯೯೦ರ ಸುಮಾರಿಗೆ ಬರುವ ಪೆಟ್ಟಿಗೆ ನಮ್ಮ ಸೇತುವೆಯ ಮೇಲೆ ಹಿಡಿಸದು ಎಂದು ಕಂಡಿತು. ಅದನ್ನೂ ಪ್ರಾಮಾಣಿಕವಾಗಿ ಬರೆದೆ. ವರದಿ ಮಂಗಳೂರಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಹೋಗಿ, "ಇತರ ತಾಲೂಕುಗಳಿಗೆ ಮಾದರಿ" ಎಂಬ ಷರಾದೊಂದಿಗೆ ಹಿಂದೆ ಬಂತು. ಸಾಹೇಬರು ಶರ್ಟನ್ನು ಇಸ್ತ್ರಿ ಹಾಕಿಸಿಕೊಂಡು ಓಡಾಡತೊಡಗಿದರು. ಜತ್ತಪ್ಪನ ಶೆಡ್ಡಿನ ಮುಂದೆ ಎರಡು ಕಂಬ ನಿಂತವು. ತಂತಿ ಮಾತ್ರ ಇಲ್ಲ.

"ಜರ್ಮನಿಯವರನ್ನು ಕಣ್ಣಾರೆ ನೋಡಿದ ದಿನ ತಂತಿ," ಎಂದರು ಸಾಹೇಬರು.

ಇತ್ತ ಮರದ ಪೆಟ್ಟಿಗೆಯನ್ನು ಹಿಂದೆ ಕಳಿಸಬೇಕಿತ್ತಲ್ಲ. ದೊಡ್ಡ ಪೆಟ್ಟಿಗೆ, ನೀಲಾವತಿಯೊಬ್ಬಳ ಹಪ್ಪಳ ಸಾಲಲಿಲ್ಲ. ಪಕ್ಕದ ಕಿರಾಣಿ ಅಂಗಡಿಯ ಅಬ್ದುಲ್ ರವೂಫರು ತಮ್ಮ ಅತ್ತೆ ಐಸಮ್ಮನ ಹಪ್ಪಳ ನೂರು ತಂದುಕೊಟ್ಟರು. "ನಮ್ಮದೂ ಒಂದು ಶೇರು ಇರ್ಲಿ ಜತ್ತಪ್ಪಣ್ಣ. ಲಾಭ ಬಂದ್ರೆ ಅರ್ಧ, ಪೊಲೀಸ್ ಬಂದ್ರೆ ಪೂರಾ ನಿಮ್ದು." ಮೂಲೆಯಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಜತ್ತಪ್ಪ ತನ್ನ ತಲೆಯಿಂದಲೇ ಅಡಿಕೆ ಹಾಳೆಯ ಮುಟ್ಟಾಳೆ ಟೋಪಿಯನ್ನು ತೆಗೆದು ಅದರಲ್ಲಿ ತುರುಕಿದ. ಡಿಸೆಂಬರಿನಲ್ಲಿ ಅದರ ವರದಿಯೂ ಬಂತು: ಟೋಪಿಯ ಮೇಲೆ ಎರಡು ಮೀಟರ್ ಎತ್ತರದಿಂದ ಒಂದು ಕಿಲೋ ತೂಕದ ಕಬ್ಬಿಣದ ಗುಂಡನ್ನು ಹಾಕಿ ನೋಡಿದ್ದರು. ಟೋಪಿಗೆ ಏನೂ ಆಗಿರಲಿಲ್ಲವಂತೆ. ಅದನ್ನು ಧರಿಸಿದ್ದ ಸೋದರಳಿಯನ ಬಗ್ಗೆ ವರದಿ ಮೌನವಾಗಿತ್ತು. ಕೊನೆಯ ಸಾಲು: "ಏಪ್ರಿಲಿನಲ್ಲಿ ನಮ್ಮ ಹೂಡಿಕೆಯನ್ನು ನೋಡಲು ನಾವಿಬ್ಬರೂ ಖುದ್ದು ಬರುತ್ತಿದ್ದೇವೆ."

ಜತ್ತಪ್ಪ ಆ ದಿನದಿಂದ ಮನೆಯಲ್ಲಿ ಹಪ್ಪಳ ಕರಿಯುವುದನ್ನು ನಿಲ್ಲಿಸಿದ. "ಅವರು ಬರುವಷ್ಟರಲ್ಲಿ ಮನೆಗೆ ಆ ವಾಸನೆ ತಪ್ಪಬೇಕು," ಎಂದ. ನಾಲ್ಕು ತಿಂಗಳು ಹಪ್ಪಳವಿಲ್ಲದೆ ಗಂಜಿ ಉಂಡು ನೀಲಾವತಿ ಮಾತು ಬಿಟ್ಟಳು.

ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ತಿಂಗಳನ್ನು. ಏಪ್ರಿಲೆಂದರೆ ಹಲಸು ಬಲಿಯುವ ಕಾಲ. ಅತಿಥಿಗಳು ಬರುವ ಬೆಳಿಗ್ಗೆ ನೋಡಿದರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಅಂಗಳಗಳಲ್ಲೂ ಚಾಪೆ, ಎಲ್ಲ ಚಾಪೆಗಳ ಮೇಲೂ ಹಪ್ಪಳ. ಜತ್ತಪ್ಪ ಮನೆಮನೆಗೆ ಓಡಿದ. "ಒಂದು ಗಂಟೆ ಒಳಗೆ ಹಾಕಿ, ದಮ್ಮಯ್ಯ!"

ಕೋಲು ಹಿಡಿದು ಕಾಗೆ ಓಡಿಸುತ್ತಿದ್ದ ಐಸಮ್ಮ ತಿರುಗಿ ನಿಂತರು. "ಜರ್ಮನಿ ಬಂತು ಅಂತ ಬಿಸಿಲು ನಿಲ್ತದಾ? ಇವತ್ತು ಒಣಗದಿದ್ರೆ ಬೂಸ್ಟು ಬರ್ತದೆ. ನಿನ್ನ ಜರ್ಮನಿ ಬಂದು ಒರೆಸ್ತದಾ?"

ಅಷ್ಟರಲ್ಲಿ ಬಾಡಿಗೆ ಅಂಬಾಸಿಡರ್ ಬಂತು. ವೀಗಾಂಡರು ಕೆಂಪು ಮುಖದ ಎತ್ತರದ ಮನುಷ್ಯ, ಸೋದರಳಿಯ ಸಣಕಲು. ಕಾರಿನಿಂದ ಇಳಿದವರು ಶೆಡ್ಡಿನತ್ತ ನೋಡಲೇ ಇಲ್ಲ. ಅಂಗಳಗಳನ್ನೇ ನೋಡುತ್ತ ನಿಂತರು. ಸೋದರಳಿಯ ಕ್ಯಾಮರಾ ತೆಗೆದು ಚಾಪೆ ಚಾಪೆಯ ಫೋಟೊ ತೆಗೆದ. ಐಸಮ್ಮನನ್ನೂ ಕೋಲನ್ನೂ ತೆಗೆದ. ವೀಗಾಂಡರು ನನ್ನ ಕಿವಿಯಲ್ಲಿ, "ಇವರು ಗುಣಮಟ್ಟದ ಮೇಲ್ವಿಚಾರಕಿಯೇ?" ಎಂದು ಕೇಳಿದರು. ಹೌದೆಂದೆ. ಅದು ಸುಳ್ಳಲ್ಲ.

ಮಾಲೆ ಹಿಡಿದು ನಿಂತಿದ್ದ ಸಾಹೇಬರು ನನ್ನ ಪಕ್ಕಕ್ಕೆ ಸರಿದರು. "ಮಾಸ್ಟ್ರೇ, ಇವರು ನಾಸಲ್ ಬಿಟ್ಟು ಹಪ್ಪಳದ ಫೋಟೊ ಯಾಕೆ ತೆಗೀತಾರೆ?"

"ಸಂಸ್ಕೃತಿ," ಎಂದೆ.

ಶೆಡ್ಡಿನೊಳಗೆ ಎಂಜಿನು ಓಡುತ್ತಿತ್ತು. ಮಾಲೆ, ಕೈಕುಲುಕು, ಸೀಯಾಳ ಎಲ್ಲ ಆಯಿತು. ಸಾಹೇಬರು ಫೈಲನ್ನು ಮೇಜಿನ ಮೇಲೆ ಬಿಚ್ಚಿ ಗಂಟಲು ಸರಿಮಾಡಿಕೊಂಡರು. "ಸಹಭಾಗಿತ್ವದ ವಸ್ತುವನ್ನು ಒಮ್ಮೆ ನೋಡಬಹುದೋ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ವೀಗಾಂಡರು ಚರ್ಮದ ಚೀಲ ತೆರೆದರು. ತೆಳು ಕಾಗದದಲ್ಲಿ ಸುತ್ತಿದ್ದ, "ಮಾದರಿ ಏಳು" ಎಂದು ಚೀಟಿ ಹಚ್ಚಿದ್ದ ಒಂದು ಹಪ್ಪಳವನ್ನು ಎರಡು ಬೆರಳುಗಳಲ್ಲಿ ಹಿಡಿದು ಫೈಲಿನ ಮೇಲಿಟ್ಟರು. "ಇದೇ."

ಸಾಹೇಬರು ಅದನ್ನು ಎತ್ತಿ ಹಿಂದೆ ಮುಂದೆ ನೋಡಿದರು. ಮೂಸಿದರು. ಹಾಲುಹಲ್ಲಿನ ಕಾಲದಿಂದಲೂ ಅದನ್ನು ಬಲ್ಲವರು ಅವರು. ಅದೇ ಕ್ಷಣದಲ್ಲಿ ಎಂಜಿನು ಎರಡು ಸಲ ಕೆಮ್ಮಿ ನಿಂತುಹೋಯಿತು.

"ಜತ್ತಪ್ಪನವರೇ, ಇದು ಎಂತ?"

"ಹಪ್ಪಳ ಸಾರ್."

"ಅದು ನನಗೆ ಗೊತ್ತುಂಟು!" ಸಾಹೇಬರ ಮೆದುದನಿ ಮೊದಲ ಬಾರಿಗೆ ಏರಿತು. "ನಲವತ್ತೆರಡು ಜನರನ್ನು ಬಿಟ್ಟು ತ್ರೀ ಫೇಸ್ ಕರೆಂಟು, ಹಪ್ಪಳಕ್ಕಾ? ಬೆಂಗಳೂರಿನವರೆಗೆ ಗ್ರಾಫ್ ಕಳಿಸಿದ್ದು ಹಪ್ಪಳದ್ದಾ?" ಎನ್ನುತ್ತ ಪೆನ್ನಿನ ಮುಚ್ಚಳ ತೆಗೆದು, ಫೈಲಿನಲ್ಲಿ ಜತ್ತಪ್ಪನ ಹೆಸರು ಹುಡುಕಿದರು.

ಜತ್ತಪ್ಪ ಲೇತಿನ ಮೇಲೆ ಕೈಯಿಟ್ಟು ನಿಂತಿದ್ದ. ಯಾರಾದರೂ ಈಗಲೇ ಎತ್ತಿಕೊಂಡು ಹೋಗುತ್ತಾರೋ ಎಂಬಂತೆ.

ಆಗ ಹಿಂದಿನ ಬಾಗಿಲಿನಿಂದ ನೀಲಾವತಿ ಬಂದಳು. ಕೈಯಲ್ಲಿ ಬೆತ್ತದ ಕುಕ್ಕೆ, ಕುಕ್ಕೆಯ ತುಂಬ ಆಗಷ್ಟೇ ತೆಂಗಿನೆಣ್ಣೆಯಲ್ಲಿ ಕರಿದ ಹಪ್ಪಳ. "ಕರೆಂಟು ಬರ್ಲಿ, ಹೋಗ್ಲಿ," ಎಂದಳು ಗಂಡನಿಗೆ. "ಮನೆಗೆ ಬಂದ ನಂಟರನ್ನು ಬರೇ ಸೀಯಾಳ ಕುಡಿಸಿ ಕಳಿಸ್ಲಿಕ್ಕೆ ನನಗೆ ಆಗುದಿಲ್ಲ. ನಾಲ್ಕು ತಿಂಗಳಾಯ್ತು, ಸಾಕು."

ನಾನು ಪ್ರಯೋಗಗಳನ್ನು ಗಮನಿಸಿ ರೂಢಿಯಿದ್ದವನು. ಸೋದರಳಿಯ ಕೈಚಾಚಿ ಒಂದು ಹಪ್ಪಳ ತೆಗೆದುಕೊಂಡ. ನಡುವೆ ಹೆಬ್ಬೆರಳಿಟ್ಟು ಒತ್ತಿ, ಒಂದು ಚೂರೂ ಕೆಳಗೆ ಬೀಳದಂತೆ ನಾಲ್ಕು ಮಾಡಿದ. ಒಂದನ್ನು ಬಾಯಿಗಿಡುವಾಗಲೇ ಎರಡನೆಯ ಹಪ್ಪಳಕ್ಕೆ ಎಡಗೈ ಹೋಗಿತ್ತು. ಅದು ಮೊದಲ ಸಲ ಹಪ್ಪಳ ಕಂಡವನ ಕೈಯಲ್ಲ.

"ಮಿಸ್ಟರ್ ವೀಗಾಂಡ್," ಎಂದೆ ಮೆಲ್ಲಗೆ, "ಉಳಿದ ಮಾದರಿಗಳು ಎಲ್ಲಿ?"

ವೀಗಾಂಡರ ಕೆಂಪು ಮುಖ ಇನ್ನಷ್ಟು ಕೆಂಪಾಯಿತು. ಅವರು ಕುರ್ಚಿಯಲ್ಲಿ ಕುಳಿತು, ಒಂದು ಹಪ್ಪಳ ತೆಗೆದುಕೊಂಡು, ಎಲ್ಲವನ್ನೂ ಹೇಳಿದರು. ಎಣ್ಣೆಯ ಪ್ರಯೋಗವೇ ಕೊನೆಯ ಪ್ರಯೋಗ. ಎಣ್ಣೆಯಿಂದ ಬಂದ ಪರಿಮಳಕ್ಕೆ ಇಡೀ ಪ್ರಯೋಗಾಲಯ ಎದ್ದು ಬಂದಿತ್ತು. ಅಂದು ಸಂಜೆಯೇ ಹೊಸ ಎಣ್ಣೆ ಕಾಯಿಸಿ ಉಳಿದದ್ದನ್ನು ಮುಗಿಸಿದ್ದರು. ಎರಡನೆಯ ಸಲ ಮರದ ಪೆಟ್ಟಿಗೆಯಲ್ಲಿ ಬಂದದ್ದು ವಾರದೊಳಗೆ ಖಾಲಿ.

ನಾನು ಕನ್ನಡದಲ್ಲಿ ಹೇಳಿದೆ. ಜತ್ತಪ್ಪ ಬಾಯಿ ತೆರೆದ. "ಗೊತ್ತಿದ್ದೂ ಗೊತ್ತಿದ್ದೂ ಯಾಕೆ ಬಂದದ್ದು ಹಾಗಾದ್ರೆ?"

ವೀಗಾಂಡರು ಚೀಲದಿಂದ ಒಂದು ಫೋಟೊ ತೆಗೆದು ಅವನ ಕೈಗೆ ಕೊಟ್ಟರು. ಹಿಮದ ನಡುವೆ ಒಂದು ಸಣ್ಣ ಶೆಡ್ಡು. ಮೇಲೆ ಹೊಸ ಬೋರ್ಡು, ಬೋರ್ಡಿನ ಮೂಲೆಯಲ್ಲಿ ಆನೆಯ ಚಿತ್ರ. ನಾನು ಓದಿಸಿಕೊಂಡು ಹೇಳಿದೆ: "ವೀಗಾಂಡ್ ಮತ್ತು ಸೋದರಳಿಯ. ಭಾರತೀಯ ಸಹಭಾಗಿತ್ವದೊಂದಿಗೆ."

ಅವರ ಊರಿನ ಬ್ಯಾಂಕಿನವರೂ ನಗುತ್ತಲೇ ಹೇಳಿದ್ದರಂತೆ: ವಿದೇಶದಲ್ಲಿ ಪಾಲುದಾರರು ಇದ್ದವರಿಗಾದರೆ ಹೊಸ ಯಂತ್ರಕ್ಕೆ ಸಾಲ ಉಂಟು, ನಿಮಗಿದ್ದಾರೆಯೇ? ಭಾರತದ ಕಾರ್ಖಾನೆ ವಿದ್ಯುತ್ತಿನಲ್ಲಿ ಓಡುತ್ತಿರುವ ಫೋಟೊ ತೋರಿಸದಿದ್ದರೆ ಆ ಶೆಡ್ಡೂ ಮುಚ್ಚಬೇಕು. "ದಯವಿಟ್ಟು ಒಂದು ಫೋಟೊ," ಎಂದರು, ನಿಂತುಹೋದ ಎಂಜಿನನ್ನು ದುಃಖದಿಂದ ನೋಡುತ್ತ.

"ಅಲ್ಲಿಯೂ ಬೋರ್ಡಾ!" ಎಂದ ಜತ್ತಪ್ಪ. ಎದೆಯ ತುಂಬ ನಕ್ಕ. ವೀಗಾಂಡರ ಬೆನ್ನಿಗೆ ಒಂದು ಹೊಡೆದ. "ನಾನು ಅವತ್ತೇ ಹೇಳಿದೆ ಮಾಸ್ಟ್ರೇ, ಇವರು ನಮ್ಮವರೇ ಅಂತ!"

ಸಾಹೇಬರು ಮಾತ್ರ ನಗಲಿಲ್ಲ. ಪೆನ್ನು ಫೈಲಿನ ಮೇಲೆ ಅರ್ಧ ಇಂಚು ಎತ್ತರದಲ್ಲಿ ನಿಂತಿತ್ತು. ನಾನು ಶಿಕ್ಷಕನ ಧಾಟಿಯಲ್ಲಿ ನಿವೇದಿಸಿದೆ: ಇಲ್ಲಿನ ಬೋರ್ಡು ಬೇರೆಯಾಗಿ ನೋಡಿದರೆ ಸುಳ್ಳು, ಅಲ್ಲಿನದೂ ಬೇರೆಯಾಗಿ ಸುಳ್ಳು, ಆದರೆ ಇಲ್ಲಿನದು ಅಲ್ಲಿನದನ್ನೂ ಅಲ್ಲಿನದು ಇಲ್ಲಿನದನ್ನೂ ತೋರಿಸುವುದರಿಂದ ಈಗ ಎರಡೂ ನಿಜ. ಋಣವನ್ನು ಋಣದಿಂದ ಗುಣಿಸಿದರೆ ಧನ. "ಅಲ್ಲದೆ ಸಾರ್, ಮೇಲಿನವರು ಈಗಾಗಲೇ ಮಾದರಿ ಅಂತ ಬರೆದಾಗಿದೆ. ಮಾದರಿ ಬಿದ್ದರೆ ಕಳಿಸಿದವರು ಯಾರು ಅಂತ ಕೇಳ್ತಾರೆ."

ಸಾಹೇಬರು ಯೋಚಿಸುತ್ತ ಕುಕ್ಕೆಗೆ ಕೈ ಹಾಕಿದರು. ಕುರುಂ ಎಂಬ ಸದ್ದು ಶೆಡ್ಡಿನ ತುಂಬ ಕೇಳಿಸಿತು.

"ಉಪ್ಪು ಸರಿ ಉಂಟು," ಎಂದು ಸಹಿ ಹಾಕಿದರು.

ಸಂಜೆ ನಾಲ್ಕಕ್ಕೆ ಲೈನ್‌ಮ್ಯಾನ್‌ಗಳು ತಂತಿ ಎಳೆದರು. ನಾಲ್ಕೂವರೆಗೆ, ಅರ್ಜಿ ಹಾಕಿದ ವರ್ಷವೇ ಜತ್ತಪ್ಪ ತಂದಿಟ್ಟು ಗೋಣಿ ಮುಚ್ಚಿದ್ದ ಮೋಟಾರು ಗುಂಯ್ ಎಂದಿತು. ಎಪ್ಪತ್ತರ ಲೇತು ಹುಡುಗಿಯಂತೆ ತಿರುಗಿತು. ಫೋಟೊದಲ್ಲಿ ವೀಗಾಂಡರು, ಸೋದರಳಿಯ, ಜತ್ತಪ್ಪ, ಸಾಹೇಬರು ಮತ್ತು ಕರೆಯದೆ ಬಂದು ನಡುವೆ ನಿಂತ ಐಸಮ್ಮ, ಕೋಲಿನೊಂದಿಗೆ. ಆ ಫೋಟೊ ಜರ್ಮನಿಯ ಬ್ಯಾಂಕಿನವರಿಗೆ ಒಪ್ಪಿಗೆಯಾಯಿತಂತೆ. ಕೋಲು ಹಿಡಿದವರು ಯಾರೆಂದು ಮಾತ್ರ ವಿಚಾರಿಸಿದರಂತೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕರೆಂಟಿನ ಮೀಟರು ಬಂದದ್ದು ಒಂದು ಮರದ ಪೆಟ್ಟಿಗೆಯಲ್ಲಿ. ಅದು ಆಫೀಸಿನ ಸೊತ್ತು, ಹಿಂದೆ ಕೊಡಬೇಕಿತ್ತು. ನೀಲಾವತಿ ಕೊಟ್ಟಳು. ಹೇಗೆ ಕೊಟ್ಟಳೆಂದು ಬರೆಯಬೇಕಾಗಿಲ್ಲ.

ಹನ್ನೆರಡನೆಯ ದಿನ ಲೈನ್‌ಮ್ಯಾನ್ ಅದೇ ಪೆಟ್ಟಿಗೆಯನ್ನು ಹೊತ್ತು ಮತ್ತೆ ಬಂದ. ಒಳಗೆ ಇನ್ನೊಂದು ಹೊಸ ಮೀಟರು. ಜೊತೆಗೆ ಸಾಹೇಬರ ಕೈಬರಹದ ಚೀಟಿ: "ಬರೀ ಪೆಟ್ಟಿಗೆ ಕಳಿಸಲು ಮನಸ್ಸಾಗಲಿಲ್ಲ."

ಜತ್ತಪ್ಪ ಎರಡನೆಯ ಮೀಟರನ್ನೂ ಗೋಡೆಗೆ ಬಿಗಿದ. ಅದಕ್ಕೆ ತಂತಿಯಿಲ್ಲ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, ಬಾಯಿ ತೆರೆದು ಬಿದ್ದಿದ್ದ ಆ ಪೆಟ್ಟಿಗೆಯನ್ನು ಅಂಜುತ್ತ ನೋಡಿದ.

"ನೀಲಾ, ಈ ಸಲ ಬೇಡ ಮಾರಾಯ್ತಿ. ಇನ್ನು ಕಳಿಸಿದ್ರೆ ಟ್ರಾನ್ಸ್‌ಫಾರ್ಮರ್ ಬರ್ತದೆ."

ಒಳಗಿನಿಂದ ಹಳೆಯ ಪೇಪರನ್ನು ಹರಿಯುವ ಸದ್ದು ಕೇಳಿಸುತ್ತಿತ್ತು.